ರೊಡ್ಡಗೈ

ಗಂಡ ಸೋತರೆ ತನಗೆ ಸಂತೋಷವಾಗಬಹುದು ಎಂದು ಮಾಧುರಿಗೆ ಮೊದಲ ಸಲ ಹೊಳೆದದ್ದು ಸ್ವಾರಗೇಟಿನ ಸಿಗ್ನಲ್ಲಿನಲ್ಲಿ, ರಿಕ್ಷಾದೊಳಗೆ ಅತ್ತೆಯ ಪಕ್ಕ ಕೂತಿದ್ದಾಗ. ಹೊಳೆದ ಕೂಡಲೇ, ಬಾಯಿಬಿಟ್ಟು ಹೇಳಿಯೇಬಿಟ್ಟೆನೇನೋ ಎಂಬಂತೆ ತಿರುಗಿ ನೋಡಿದಳು. ಸಾವಂತ್ರವ್ವ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಎದುರಿನ ಬಸ್ಸಿನ ಹೊಗೆಗೆ ಸೆರಗು ಮುಚ್ಚಿಕೊಂಡಿದ್ದಳು. ಚೀಲದಲ್ಲಿ ಮಗನಿಗೆಂದು ಶೇಂಗಾ ಹೋಳಿಗೆ. "ಹೊಡದಾಟ ಮುಗದ ಮ್ಯಾಲೆ ತಿನ್ನಬಹುದಲ್ಲ ಅವ?" ಎಂದು ಕೇಳಿದಳು. "ತಿನ್ನಬಹುದ್ರೀ," ಎಂದಳು ಮಾಧುರಿ. ತನ್ನ ದನಿ ಎಷ್ಟು ಸಹಜವಾಗಿತ್ತೆಂದರೆ ಅವಳಿಗೇ ನಾಚಿಕೆಯಾಯಿತು. ಬೆಳಿಗ್ಗೆಯಿಂದ ಎದೆ ಡವಡವ ಎನ್ನುತ್ತಿತ್ತು. ಹೆದರಿಕೆ ಇರಬೇಕೆಂದು ಅತ್ತೆ ಲಿಂಬೂ ಸರಬತ್ತು ಮಾಡಿ ಕೊಟ್ಟಿದ್ದಳು, ಮಾಧುರಿಯೂ ಹೆದರಿಕೆಯೆಂದೇ ನಂಬಿ ಕುಡಿದಿದ್ದಳು. ಈಗ ದೀಪ ಹಸಿರಾಗಿ ರಿಕ್ಷಾ ಒಮ್ಮೆಲೇ ಮುಂದಕ್ಕೆ ಚಿಮ್ಮಿದಾಗ ಹೆದರಿಕೆಯ ಹೆಸರೇ ಅದಕ್ಕೆ ಹೊಂದಲಿಲ್ಲ. ಶಾಲೆಯಲ್ಲಿ ಒಂಟಿಕಾಲಿನ ಲಂಗಡಿ ಆಟ ಆಡುವಾಗ, ತನ್ನ ಸರದಿ ಬರುವ ಮೊದಲು, ಗೆರೆಯ ಹೊರಗೆ ನಿಂತ ಕಾಲಿನ ಬೆರಳುಗಳು ತಾವಾಗಿಯೇ ಕುಣಿಯುತ್ತಿದ್ದವು. ಹಾಗೆ ಇವತ್ತು ಎಡಗೈಯ ಬೆರಳುಗಳು ಕುಣಿಯುತ್ತಿದ್ದವು. ಅವಳು ಅವುಗಳ ಮೇಲೆ ಬಲಗೈ ಇಟ್ಟು ಕೂತಳು.

ಅವಳ ಗಂಡ ಬಸವಲಿಂಗ ಈ ಮರಾಠಿ ಶಹರದಾಚೆ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಮದುವೆಗೆ ಮೊದಲಿನಿಂದಲೂ ಬಾಕ್ಸಿಂಗಿನ ಹುಚ್ಚು. ಇವತ್ತು ಕಾರ್ಖಾನೆ ತಂಡಗಳ ಪಂದ್ಯಾವಳಿಯ ಕೊನೆಯ ದಿನ. ಗೆದ್ದವನು ಜಿಲ್ಲಾ ತಂಡಕ್ಕೆ ಹೋಗುತ್ತಾನೆ. ಮೂವತ್ತು ದಾಟಿದವನಿಗೆ ಈ ಬಾಗಿಲು ಇನ್ನೊಮ್ಮೆ ತೆರೆಯುವುದಿಲ್ಲ ಎಂದು ಕೋಚ್ ಮಧುಕರ ಮುಲಾಜಿಲ್ಲದೆ ಹೇಳಿದ್ದರು. ಎದುರಾಳಿ ಅಮೇಯ ಎಂಬ ಹುಡುಗ. ಎಡಗೈಯವನು. ಬಸವಲಿಂಗನ ಕಷ್ಟವೆಲ್ಲ ಆ ಕೊನೆಯ ಮಾತಿನಲ್ಲಿತ್ತು. ಅವನು ಕೈಗವಸು ತೊಡಲು ಕಲಿತ ಕಾಲಕ್ಕೆ ಕ್ಲಬ್ಬಿಗೊಬ್ಬ ಎಡಗೈಯವನಿದ್ದರೆ ಹೆಚ್ಚು, ಅವನೂ ಒಂದು ಚೋದ್ಯ. ಈಗ ಯಾವ ಪಂದ್ಯಕ್ಕೆ ಹೋದರೂ ಎದುರಿಗೆ ಅವರೇ. ಮೊದಲೆಲ್ಲ ತಾಯಂದಿರು ಕೈಗೆ ಚಟೀರನೆ ಬಾರಿಸಿ ಮಕ್ಕಳನ್ನು ಬಲಕ್ಕೆ ತಿರುಗಿಸುತ್ತಿದ್ದರು, ಈಗಿನವರು ಬಿಟ್ಟುಬಿಡುತ್ತಾರೆ ಎಂದು ಮಧುಕರ ಗೊಣಗುತ್ತಿದ್ದರಂತೆ. ಅದು ಸಾಲದೆಂದು ಕೆಲವು ಕೋಚುಗಳು ಅಪ್ಪಟ ಬಲಗೈಯ ಹುಡುಗರನ್ನೂ ಬೇಕೆಂದೇ ತಿರುವಿ ನಿಲ್ಲಿಸುತ್ತಾರಂತೆ, ಎದುರಿನವನ ಎಣಿಕೆ ತಪ್ಪಲಿ ಎಂದು. ಬಸವಲಿಂಗ ಹಿಂದಿನ ಸೋಲುಗಳನ್ನೆಲ್ಲ ಇಂಥವರ ಕೈಯಲ್ಲೇ ಕಂಡಿದ್ದ. ಊಟಕ್ಕೆ ಕೂತು ಅದನ್ನೆಲ್ಲ ಹೇಳುವಾಗ ಮಾಧುರಿ ರೊಟ್ಟಿ ಬಡಿಯುತ್ತ ಕೇಳಿದ್ದಳು. ಅಷ್ಟು ಮಂದಿ ಇದ್ದಾರೇನ್ರೀ ಎಂದಿದ್ದಳು. "ಭಾಳ ಆಗ್ಯಾರ. ಎಲ್ಲಿದ್ದರೋ ಏನೋ ಇಷ್ಟು ದಿನ, ರೊಡ್ಡಗೈ ಮಂದಿ," ಎಂದವನು ತುತ್ತು ಬಾಯಿಗಿಡುವ ಮೊದಲು ತಡೆದು ಹಿಟ್ಟಿನ ಮೇಲಿದ್ದ ಅವಳ ಕೈ ನೋಡಿದ. ಅವಳು ಎಡಗೈಯಲ್ಲಿ ಬಡಿಯುತ್ತಿದ್ದಳು. ಅವನ ಕಣ್ಣಲ್ಲಿ ಏನೋ ಹೊತ್ತಿಕೊಂಡಿತು. ತನ್ನನ್ನು ಅವನು ಹಾಗೆ ನೋಡಿ ಬಹಳ ಕಾಲವಾಗಿತ್ತು, ಆದರೆ ಅದು ಹಿಟ್ಟು ಮೆತ್ತಿದ ಒಂದು ಅಂಗೈಯ ಮೇಲಿನ ನೋಟವಾಗಿತ್ತು.

ರೊಡ್ಡಗೈ ಎಂಬ ಮಾತನ್ನು ಅವಳ ಮೇಲೆ ಮೊದಲು ಎಸೆದವಳು ಸಾವಂತ್ರವ್ವ. ಮದುವೆಯ ವಾರದಲ್ಲಿ, ಧನಕವಡಿಯ ಈ ಮನೆಯಲ್ಲೇ, ಬೀಗರ ಪಂಕ್ತಿಗೆ ಮಾಧುರಿ ತುಪ್ಪ ಬಡಿಸುತ್ತಿದ್ದಳು. ವಿಜಯಪುರದಿಂದ ಬಂದ ಶಿವರುದ್ರಪ್ಪ ಕಾಕಾ ತಮ್ಮ ತಾಟನ್ನು ಒಂದು ಗೇಣು ಹಿಂದೆ ಸರಿಸಿದರು. ಅಷ್ಟೇ ಮಾಡಿದ್ದು. ತುಪ್ಪದ ಧಾರೆ ನೆಲದ ಮೇಲೆ ಬಿತ್ತು. "ರೊಡ್ಡಗೈ ಅದ ಹುಡುಗಿ, ಯಾರೂ ಹೇಳಲೇ ಇಲ್ಲ," ಎಂದು ಸಾವಂತ್ರವ್ವ ಯಾರಿಗೂ ಅಲ್ಲದಂತೆ ಹೇಳಿ ನೆಲ ಒರೆಸಿದಳು. ಬಸವಲಿಂಗ ಆ ಪಂಕ್ತಿಯಲ್ಲೇ ಕೂತಿದ್ದ. ಅವನು ಅನ್ನ ಕಲಸುತ್ತಲೇ ಇದ್ದ. ಸಾರು ಪೂರ್ತಿ ಹೀರಿಹೋದ ಮೇಲೂ ಕಲಸುತ್ತಿದ್ದ. ಆಮೇಲೆ ಮಾಧುರಿ ಬಡಿಸುವುದಕ್ಕೆ, ಕುಂಕುಮ ಕೊಡುವುದಕ್ಕೆ ಬಲಗೈ ರೂಢಿಸಿಕೊಂಡಳು. ರೊಟ್ಟಿಗೂ ಸೂಜಿಗೂ ಮಾತ್ರ ಎಡಗೈ ಉಳಿಯಿತು. ಅವಳು ಕೆಲಸ ಮಾಡುವುದು ಒಂದು ಪೆಥಾಲಜಿ ಲ್ಯಾಬಿನಲ್ಲಿ, ರಕ್ತ ತೆಗೆಯುವ ಕೆಲಸ. ಅಲ್ಲಿಯೂ ಕೆಲವರು ಎಡಗೈಯಲ್ಲಿ ಸಿರಿಂಜ್ ಕಂಡೊಡನೆ ತೋಳು ಎಳೆದುಕೊಂಡು, ಬೇರೆ ಯಾರಾದರೂ ಇಲ್ಲವೇ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಅವಳು ನಗುತ್ತ ಎದ್ದು ಹೋಗಿ ಜೊತೆಗಾರ್ತಿ ಪ್ರಾಚಿಯನ್ನು ಕಳಿಸುತ್ತಿದ್ದಳು. ಪ್ರಾಚಿ ಎರಡು ಸಲ ಚುಚ್ಚಿ ನರ ತಪ್ಪಿಸಿದರೂ ಅವರು ಸುಮ್ಮನೆ ಕೂತಿರುತ್ತಿದ್ದರು.

ರಿಕ್ಷಾ ಇಳಿದು ಅತ್ತೆಯ ಕೈಹಿಡಿದು ಸಭಾಂಗಣದ ಮೆಟ್ಟಿಲು ಹತ್ತುವಾಗ ಒಳಗಿನಿಂದ ಗಂಟೆಯ ಸದ್ದು, ಅದರ ಬೆನ್ನಿಗೆ ಗದ್ದಲ ಬಂತು. ಮಾಧುರಿಗೆ ಮೆಟ್ಟಿಲುಗಳನ್ನು ಓಡಿ ಹತ್ತಬೇಕೆನಿಸಿತು. ಮನೆಯ ಮೇಲಿನ ಗಚ್ಚಿಯಲ್ಲಿ, ಅಭ್ಯಾಸಕ್ಕೆಂದು ಅವಳನ್ನು ಎದುರು ನಿಲ್ಲಿಸಿಕೊಂಡ ಮೊದಲ ದಿನ, ಬಸವಲಿಂಗ, "ಬರೇ ನಿಂದ್ರು. ನನ್ನ ಕಣ್ಣಿಗೆ ರೂಢಿ ಆಗಬೇಕು, ಅಷ್ಟ," ಎಂದಿದ್ದ. ಬೆಳಗಿನ ಬಿಸಿಲು ಕಾತ್ರಜದ ಗುಡ್ಡದಿಂದ ನೀರಿನ ಟಾಕಿಗಳ ಮೇಲೆ ಇಳಿಯುತ್ತಿತ್ತು. ಸಾವಂತ್ರವ್ವ ಕೆಳಗೆ ಪೂಜೆಗೆ ಕೂತಿರುವ ಹೊತ್ತು. ಬಲಗಾಲು ಮುಂದೆ, ಎಡಗೈ ಗದ್ದದ ಹತ್ತಿರ ಎಂದು ಅವನು ಹೇಳಿಕೊಡುವ ಮೊದಲೇ ಅವಳ ಮೈ ಹಾಗೆ ನಿಂತುಬಿಟ್ಟಿತ್ತು. ಅವನ ಮುಂದಿನ ಎಡಗಾಲು, ಅವಳ ಮುಂದಿನ ಬಲಗಾಲು, ಬೆರಳಿಗೆ ಬೆರಳು ತಾಗಿ, ಇಬ್ಬರೂ ಒಂದೇ ಬಾಗಿಲಲ್ಲಿ ಎದುರುಬದುರಾದವರಂತೆ ದಾರಿಗಾಗಿ ತಡಕಾಡಿದರು. ಅವನು ತನ್ನ ಬಲಕ್ಕೆ ಸರಿದ. ಬಲಗೈಯವರ ಎದುರು ಅದು ಕ್ಷೇಮದ ಕಡೆ, ಇಷ್ಟು ವರ್ಷದ ಅಭ್ಯಾಸ. ಆದರೆ ಅವಳ ಎದುರು ಬಲಕ್ಕೆ ಸರಿದರೆ ನೇರ ಅವಳ ಎಡಗೈಯ ಬಾಯಿಗೇ ಬರುತ್ತಿದ್ದ. ಅವಳು ಸುಮ್ಮನೆ ಕೈ ಚಾಚಿದರೆ ಅವನ ಕೆನ್ನೆ ಅಲ್ಲಿರುತ್ತಿತ್ತು. "ನೀವ ಬಂದು ನನ್ನ ಕೈಗೆ ಬೀಳಾಕತ್ತೀರಿ," ಎಂದು ಅವಳು ನಕ್ಕಿದ್ದಳು. "ಎಡಕ್ಕ ಬರ್ರಿ, ಎಡಕ್ಕ."

ಎರಡನೆಯ ವಾರದಲ್ಲಿ ಅವನು ಅವಳಿಗೊಂದು ಜೊತೆ ಹಳೆಯ ಕೈಗವಸು ತಂದ. ಯಾರಿಗೂ ಹೇಳಬೇಡ ಎಂದ. "ಕ್ಲಬ್ಬಿನಾಗ ಗೊತ್ತಾದ್ರ ನಗತಾರ. ಅವ್ವಗಂತೂ ಬ್ಯಾಡ." ಮಧುಕರರಿಗೆ ರಾಂಜಣಗಾಂವದ ಒಬ್ಬ ಎಡಗೈ ಹುಡುಗ ಸಿಕ್ಕಿದ್ದಾನೆಂದು ಹೇಳಿದ್ದನಂತೆ. ಅದು ಗಂಡಹೆಂಡಿರ ನಡುವೆ ತಮಾಷೆಯೂ ಆಯಿತು. ಅತ್ತೆಯ ಎದುರೇ ಅವನು ಚಹಾ ಕುಡಿಯುತ್ತ, "ಇವತ್ತು ಹುಡುಗ ಬರತಾನೋ ಇಲ್ಲೋ," ಎನ್ನುವನು. ಅವಳು ಬೆನ್ನು ತಿರುಗಿಸಿ ನಗುವಳು. ಒಂದು ದಿನ ನಗು ಬರಲಿಲ್ಲ. ಯಾಕೆಂದು ಅವಳು ಹುಡುಕಲೂ ಇಲ್ಲ. ಅವತ್ತು ಗಚ್ಚಿಯ ಮೇಲೆ ಅವನು, "ಹಿಂಗ ಮುಟ್ಟಿದ್ರ ಏನು ಉಪಯೋಗ, ಜೋರು ಹೊಡಿ," ಎಂದ. ಅವಳು ಹೊಡೆದಳು. ಹಿಂದಿನ ಹಿಮ್ಮಡಿಯಿಂದ ಎದ್ದದ್ದು ಸೊಂಟದಲ್ಲಿ ತಿರುಗಿ ಭುಜ ದಾಟಿ ಹೋಯಿತು. ತಾನೇನೂ ಮಾಡಲಿಲ್ಲ, ತನ್ನೊಳಗಿಂದ ಯಾರೋ ಬಾಗಿಲು ದೂಡಿಕೊಂಡು ಹೋದರು ಎನ್ನಿಸಿತು. ಬಸವಲಿಂಗ ಟಾಕಿಗೆ ಒರಗಿ ಕೂತಿದ್ದ. ತುಟಿ ಒಡೆದಿತ್ತು. ಅವಳು ಓಡಿ ಹೋಗಿ ಸೆರಗಿನಿಂದ ಒತ್ತಿದಳು, ತಪ್ಪಾಯ್ತು ತಪ್ಪಾಯ್ತು ಎಂದಳು. ಹೇಳುತ್ತಿರುವಾಗಲೇ ಹೊಟ್ಟೆಯೊಳಗಿನಿಂದ ನಗುವಿನಂಥದು ಉಕ್ಕಿ ಗಂಟಲಿಗೆ ಬಂತು, ಅದನ್ನು ನುಂಗಲು ಹೆಣಗಿದಳು. ಸ್ಕೂಟರಿನ ಕನ್ನಡಿ ತಾಗಿತು ಎಂದು ಅವ್ವನಿಗೆ ಅವನೇ ಹೇಳಿದ. ಆ ದಿನ ಲ್ಯಾಬಿನಲ್ಲಿ ಒಬ್ಬ ಮುದುಕ ತೋಳು ಎಳೆದುಕೊಂಡಾಗ ಮಾಧುರಿ ಎದ್ದು ಹೋಗಲಿಲ್ಲ. ಇದೇ ಕೈ, ಬೇಕಾದರೆ ಕೂಡ್ರಿ ಎಂದಳು. ಮುದುಕ ಕೂತ.

ಈಗ ಅವರಿಬ್ಬರೂ ಕಬ್ಬಿಣದ ಕಂಬಿಯ ಹಿಂದೆ ಮೊದಲ ಸಾಲಿನಲ್ಲಿ ಕೂತಿದ್ದರು. ಬಸವಲಿಂಗ ಕೆಂಪು ಮೂಲೆಯಲ್ಲಿ, ಮಧುಕರ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ನೀಲಿ ಮೂಲೆಯಿಂದ ಅಮೇಯ ಎದ್ದು ಬಂದ. ತೆಳ್ಳಗಿದ್ದ, ಕುತ್ತಿಗೆ ಉದ್ದ, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಅವನು ಬಲಗಾಲನ್ನು ಮುಂದಿಟ್ಟು ನಿಂತಾಗ ಮಾಧುರಿಯ ಬಲಗಾಲು ಚಪ್ಪಲಿಯೊಳಗೆ ತಾನೂ ಮುಂದೆ ಸರಿಯಿತು. ಗಂಟೆ ಹೊಡೆಯಿತು. ಬಸವಲಿಂಗ ಒಮ್ಮೆ ಎಡಕ್ಕೆ ಬಂದ, ಸರಿಯಾಗಿಯೇ ಬಂದ. ಆಮೇಲೆ ಜನ ಕೂಗತೊಡಗಿದರು, ಅವನ ಕಾಲುಗಳು ಹಳೆಯದನ್ನೇ ನೆನಪು ಮಾಡಿಕೊಂಡು ಬಲಕ್ಕೆ ನಡೆದವು. ಅಮೇಯನ ಎಡಗೈ ಹೊರಟದ್ದು ಮಾಧುರಿಗೆ ಮೊದಲೇ ಗೊತ್ತಾಯಿತು, ಅವನಿಗಿಂತಲೂ ಮೊದಲೇ. ಅವಳ ಭುಜ ಕದಲಿತು. ಬಡಿದ ಸದ್ದಿಗೆ ಸಾವಂತ್ರವ್ವ "ಅಯ್ ಶಿವನ" ಎಂದು ಕಣ್ಣು ಮುಚ್ಚಿದಳು. ಮಾಧುರಿ ಮುಚ್ಚಲಿಲ್ಲ. ಇನ್ನೊಂದು, ಎಂದುಕೊಂಡಳು. ಎಂದುಕೊಂಡದ್ದು ಕೇಳಿಸಿತು ತನಗೆ. ಎಂಥ ಹೆಂಗಸು ನಾನು, ತಾಳಿ ಕಟ್ಟಿದವನ ಮುಖದ ಮೇಲೆ ಪೆಟ್ಟು ಬೀಳಲಿ ಎಂದು ಕಾಯುತ್ತೇನೆ ಎಂದು ಬೈದುಕೊಳ್ಳುತ್ತ ಇದ್ದಂತೆ ಇನ್ನೊಂದು ಬಿತ್ತು, ಮತ್ತು ಅವಳ ಮೈಯಲ್ಲೆಲ್ಲ ಏನೋ ಒಂದು ಬೆಚ್ಚನೆಯ ಬೆಳಕಿನಂತೆ ಹಬ್ಬಿತು. ಸುತ್ತ ಇಷ್ಟೊಂದು ಜನ ಆ ಎಡಗೈಗಾಗಿ ಕೂಗುತ್ತಿದ್ದರು. ಯಾರೂ ತಾಟು ಹಿಂದೆ ಸರಿಸಿರಲಿಲ್ಲ.

ಎರಡನೆಯ ಸುತ್ತಿನಲ್ಲಿ ಬಸವಲಿಂಗ ಅವರ ಕಡೆಯ ಹಗ್ಗಕ್ಕೇ ಒರಗಿಕೊಂಡು ಬಂದ, ಮೂರು ಮಾರು ದೂರ. ಹಣೆಯ ಬೆವರು ಕಣ್ಣಿಗೆ ಇಳಿಯುವುದೂ ಕಾಣುತ್ತಿತ್ತು. ಮಧುಕರ ಆ ತುದಿಯಿಂದ ಮರಾಠಿಯಲ್ಲಿ ಒದರುತ್ತಿದ್ದರು, ಎಲ್ಲರೂ ಮರಾಠಿಯಲ್ಲೇ ಒದರುತ್ತಿದ್ದರು, ಅದರಲ್ಲಿ ಅವರ ದನಿ ಕರಗಿಹೋಗಿತ್ತು. ಎಡಕ್ಕ ಬರ್ರಿ ಎಂದು ಕನ್ನಡದಲ್ಲಿ ಒಂದು ಮಾತು ಹೇಳಿದ್ದರೆ, ಅತ್ತೆಯನ್ನು ಬಿಟ್ಟರೆ ಇಡೀ ಸಭಾಂಗಣದಲ್ಲಿ ಅವನೊಬ್ಬನಿಗೆ ತಿಳಿಯುತ್ತಿತ್ತು. ಮಾತು ಅವಳ ನಾಲಿಗೆಯ ಮೇಲೇ ಇತ್ತು. ಅವಳು ಬಾಯಿ ತೆರೆದಳು. ಪಂಕ್ತಿಯಲ್ಲಿ ಅನ್ನ ಕಲಸುತ್ತಿದ್ದ ಅವನ ಬೆರಳುಗಳು ಕಣ್ಣಿಗೆ ಬಂದವು. ಬೇಕೆಂದು ನೆನೆಸಿಕೊಂಡದ್ದಲ್ಲ, ಬಂದವು. ಅವಳು ಬಾಯಿ ಮುಚ್ಚಿದಳು. ಅಷ್ಟರಲ್ಲಿ ಅವನು ಬಲಕ್ಕೆ ಸರಿದ, ಅಮೇಯನ ಎಡಗೈ ಬಂತು, ಬಸವಲಿಂಗನ ಮೊಣಕಾಲು ನೆಲಕ್ಕೆ ತಾಗಿತು. ರೆಫರಿ ಬೆರಳೆತ್ತಿ ಎಣಿಸತೊಡಗಿದ. ಸಾವಂತ್ರವ್ವ ಮಾಧುರಿಯ ಕೈ ಹಿಡಿದುಕೊಂಡಳು, ನೋವಾಗುವಷ್ಟು ಬಿಗಿಯಾಗಿ. "ಎದ್ದನೇನ? ಹೇಳ, ಎದ್ದನೇನ?" ಕಣ್ಣು ಮುಚ್ಚಿಯೇ ಇದ್ದಳು. "ಎದ್ದರು ಅತ್ತಿ, ಎದ್ದು ನಿಂತ್ರು," ಎಂದಳು ಮಾಧುರಿ. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಎದೆ ಮಾತ್ರ ಕುದುರೆಯ ಹಾಗೆ ಓಡುತ್ತಿತ್ತು.

ಮೂರನೆಯ ಸುತ್ತಿಗೆ ಬಂದ ಬಸವಲಿಂಗ ಬೇರೆಯಾಗಿದ್ದ. ಅವನು ಜನರನ್ನು ಕೇಳುತ್ತಿರಲಿಲ್ಲ. ಎಡಗಾಲನ್ನು ಹುಡುಗನ ಬಲಗಾಲಿನ ಹೊರಗೆ ಊರಿ ಎಡಕ್ಕೆ ಸರಿದ, ಮತ್ತೆ ಎಡಕ್ಕೆ, ಮತ್ತೆ. ಅಮೇಯನ ಎಡಗೈ ಹೊರಡುವ ಮೊದಲೇ ಅವನ ತಲೆ ಅಲ್ಲಿಂದ ಹೋಗಿರುತ್ತಿತ್ತು. ಬಲಗೈ ನೇರವಾಗಿ ಒಳಗೆ ಹೋಯಿತು. ಇನ್ನೊಂದು ಸಲ ಹೋಯಿತು. ಮಾಧುರಿ ಎದ್ದು ನಿಂತಿದ್ದಳು, ಯಾವಾಗ ಎದ್ದಳೋ. ಆ ಕಣ್ಣು ಅವಳಿಗೆ ಗೊತ್ತಿತ್ತು. ಗಚ್ಚಿಯ ಮೇಲೆ, ಟಾಕಿಯ ಪಕ್ಕ, ಅವಳ ಭುಜವನ್ನು ನೋಡುತ್ತಿದ್ದ ಕಣ್ಣು. ಅವನು ಹೊಡೆದಾಡುತ್ತಿದ್ದುದು ಅಮೇಯನ ಜೊತೆಗಲ್ಲ. ಅವಳ ಭುಜ ಏಳುವ ಮುನ್ನ ಉಸಿರು ಹೇಗೆ ನಿಲ್ಲುತ್ತದೆ, ಹಿಮ್ಮಡಿ ಯಾವಾಗ ಮೇಲಾಗುತ್ತದೆ, ಎಲ್ಲವನ್ನೂ ಅವನು ಬಾಯಿಪಾಠ ಮಾಡಿದ್ದ. ಹಾಸಿಗೆಯಲ್ಲೂ ಊಟದ ಮುಂದೂ ತನ್ನನ್ನು ಇಷ್ಟು ಗಮನವಿಟ್ಟು ಓದದವನು ಯಾರ ಕಣ್ಣಿಗೂ ಬೀಳದ ಆ ಕೈಯನ್ನು ಪೂರ್ತಿ ಓದಿದ್ದ. ಈಗ ಯಾರು ಗೆಲ್ಲಲಿ ಎಂದು ಅವಳಿಗೆ ತಿಳಿಯದಾಯಿತು. ಎರಡೂ ಕಡೆ ತಾನೇ ಇದ್ದಂತಿತ್ತು. ಯಾವ ಪೆಟ್ಟು ಬಿದ್ದರೂ ಅವಳು ಚಪ್ಪಾಳೆ ತಟ್ಟುತ್ತಿದ್ದಳು, ಹಿಂದಿನ ಸಾಲಿನವರು ಈ ಹೆಂಗಸಿಗೆ ಆಟವೇ ತಿಳಿಯದು ಎಂದುಕೊಂಡಿರಬೇಕು.

ತೀರ್ಪು ಅಮೇಯನ ಕಡೆ ಆಯಿತು, ಕೂದಲೆಳೆಯ ಅಂತರದಲ್ಲಿ. ಎರಡನೆಯ ಸುತ್ತಿನ ಆ ಮೊಣಕಾಲು ಬಸವಲಿಂಗನನ್ನು ಸೋಲಿಸಿತು ಎಂದು ಎಲ್ಲರೂ ಹೇಳಿದರು.

ಹೊರಗಿನ ಪಡಸಾಲೆಯಲ್ಲಿ ಬಸವಲಿಂಗ ಬೆಂಚಿನ ಮೇಲೆ ಕೂತು ಕೈಯ ಪಟ್ಟಿ ಬಿಚ್ಚುತ್ತಿದ್ದ. ಒಂದು ಕಣ್ಣು ಊದಿಕೊಂಡಿತ್ತು. ಸಾವಂತ್ರವ್ವ ಸೆರಗಿನಿಂದ ಅವನ ಕುತ್ತಿಗೆ ಒರೆಸುತ್ತ ನಿಂತಳು. ಮಾಧುರಿ ಎರಡು ಹೆಜ್ಜೆ ಆಚೆಗೇ ಉಳಿದಳು. ಹತ್ತಿರ ಹೋದರೆ ತನ್ನ ಮುಚ್ಚಿದ ಬಾಯಿ ಅವನಿಗೆ ಕಾಣುತ್ತದೆಂದು ಭಯವಾಗಿತ್ತು. ಆಗ ಮಧುಕರರ ಜೊತೆ ಅಮೇಯ ಬಂದ. ಬಗ್ಗಿ ಬಸವಲಿಂಗನ ಮೊಣಕಾಲು ಮುಟ್ಟಿದ. "ದಾದಾ, ಕೊನೆಯ ರೌಂಡಿನಲ್ಲಿ ನೀವೆಲ್ಲಿದ್ದೀರಿ ಅಂತಲೇ ನನಗೆ ತಿಳೀಲಿಲ್ಲ," ಎಂದ ಮರಾಠಿಯಲ್ಲಿ. "ಯಾರೂ ನನ್ನನ್ನು ಹಾಗೆ ಹಿಡಿದಿಲ್ಲ. ಯಾರ ಹತ್ತಿರ ಅಭ್ಯಾಸ ಮಾಡಿದಿರಿ?"

"ಆಹೇ ಏಕ ಮುಲಗಾ," ಎಂದ ಬಸವಲಿಂಗ, ಪಟ್ಟಿಯಿಂದ ತಲೆ ಎತ್ತದೆ. "ರಾಂಜಣಗಾಂವಚಾ."

"ಆ ಹುಡುಗನನ್ನು ಕ್ಲಬ್ಬಿಗೆ ಕರೆತಾ ಅಂತ ಎಷ್ಟು ಸಲ ಹೇಳಿದೆ ಇವನಿಗೆ," ಎಂದರು ಮಧುಕರ. "ಬಚ್ಚಿಟ್ಟುಕೊಂಡಿದ್ದಾನೆ."

ಮರಾಠಿ ಸರಿಯಾಗಿ ಹತ್ತದ ಸಾವಂತ್ರವ್ವ ಸೊಸೆಯ ಕಡೆ ತಿರುಗಿದಳು. "ಏನಂತಾರ?"

"ಯಾರ ಜೋಡಿ ಕಲತಿ ಅಂತ ಕೇಳಾಕತ್ತಾರ್ರೀ."

"ಮತ್ತ ಇವ ಏನಂದ? ಯಾವ ಮುಲಗಾ?"

ಮಾಧುರಿ ಗಂಡನನ್ನು ನೋಡಿದಳು. ಅವನು ಬಿಚ್ಚಿದ ಪಟ್ಟಿಯನ್ನು ಮತ್ತೆ ಸುತ್ತುತ್ತಿದ್ದ. ಎರಡನೆಯ ಸುತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕೂತವಳು ಈಗ ತೆರೆಯುವುದು ಯಾವ ನ್ಯಾಯ ಎಂದು ಒಂದು ಗಳಿಗೆ ಅನ್ನಿಸಿತು. ಸುಮ್ಮನಿದ್ದರೆ ಇಬ್ಬರ ಲೆಕ್ಕವೂ ಸರಿಹೋಗುತ್ತಿತ್ತು. ಆದರೆ ಎದೆಯ ಓಟ ಇನ್ನೂ ನಿಂತಿರಲಿಲ್ಲ, ಅದು ನ್ಯಾಯವನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಮುಲಗಾ ಅಲ್ರೀ ಅತ್ತಿ," ಎಂದಳು. "ನಾನ."

"ನೀ ಏನು?"

"ಇವರ ಎದುರು ನಿಂದ್ರತಿದ್ದಾಕಿ ನಾನ. ಗಚ್ಚಿ ಮ್ಯಾಲೆ, ನೀವು ಪೂಜಾಕ್ಕ ಕುಂತಾಗ."

ಸಾವಂತ್ರವ್ವ ಮಗನ ಕುತ್ತಿಗೆಯಿಂದ ಸೆರಗು ತೆಗೆದಳು. "ರೊಡ್ಡಗೈಲೇ?"

"ಹೌದ್ರಿ."

"ಹಂಗಾರ ಆವತ್ತು ತುಟಿ?"

"ಅದೂ ನಾನ."

ಮುದುಕಿ ಬಹಳ ಹೊತ್ತು ಸೊಸೆಯ ಕೈಯನ್ನೇ ನೋಡಿದಳು, ಅಂಗಡಿಯಲ್ಲಿ ಯಾವುದೋ ಸಾಮಾನಿನ ತೂಕ ಅಂದಾಜು ಮಾಡುವವಳ ಹಾಗೆ. ಆಮೇಲೆ ಮಗನನ್ನು ಕೇಳಿದಳು: "ಹೌದೇನೋ?"

"ಹೌದವ್ವ."

"ಮತ್ತ ಅವರಿಗೆ ಹಂಗ ಹೇಳು. ನನಗ ಆ ಮಾತು ಬರೂದಿಲ್ಲ."

ಬಸವಲಿಂಗನ ಕಿವಿ ಕೆಂಪಾಯಿತು. ಪಟ್ಟಿ ಕೆಳಗಿಟ್ಟು ಎದ್ದು ನಿಂತ. "ಮುಲಗಾ ನಾಹೀ," ಎಂದ. ಗಂಟಲು ಸರಿಮಾಡಿಕೊಂಡ. "ಮಾಝೀ ಬಾಯಕೋ. ಹೀ." ತನ್ನ ಹೆಂಡತಿ, ಇವಳು, ಎಂದಷ್ಟೇ ಹೇಳಿ, ಇನ್ನೇನು ಮಾಡಬೇಕೆಂದು ತಿಳಿಯದೆ, ಕೈಯಿಂದ ಅವಳನ್ನು ತೋರಿಸಿದ. ಮಧುಕರ ನಗಲು ಶುರುಮಾಡಿ, ಅವನ ಮುಖ ನೋಡಿ ನಿಲ್ಲಿಸಿದರು. ಅಮೇಯ ನಗಲಿಲ್ಲ. ಅವನ ಕಣ್ಣು ಸೀದಾ ಅವಳ ಎಡಗೈಗೆ ಹೋಯಿತು, ಆಮೇಲೆ ಕಾಲಿಗೆ. "ವಹಿನಿ," ಎಂದ, ಅತ್ತಿಗೆಯನ್ನು ಕರೆಯುವಂತೆ, "ಒಮ್ಮೆ ತೋರಿಸ್ತೀರಾ?"

ಅವಳು ಪರ್ಸನ್ನು ಅತ್ತೆಯ ಕೈಗೆ ಕೊಟ್ಟು ಚಪ್ಪಲಿ ಬಿಟ್ಟಳು. ಪಡಸಾಲೆಯ ಕಲ್ಲು ತಣ್ಣಗಿತ್ತು. ಬಲಗಾಲು ಮುಂದೆ ಹೋಯಿತು, ಎಡಗೈ ಗದ್ದಕ್ಕೆ ಏರಿತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಅಮೇಯ ಮುಗುಳ್ನಗುತ್ತ, ಮಕ್ಕಳ ಜೊತೆ ಆಡುವವನ ಹಾಗೆ ಸಡಿಲವಾಗಿ ಕೈ ಎತ್ತಿದ. ಅವನ ಬಲಗಾಲೂ ಮುಂದಿತ್ತು. ಮಾಧುರಿ ನೋಡಿದಳು: ಅವರ ಪಾದಗಳು ಎಲ್ಲಿಯೂ ತಾಗುತ್ತಿರಲಿಲ್ಲ. ಶಾಲೆಯ ಬೆಂಚಿನಲ್ಲಿ ಪಕ್ಕದವಳ ಮೊಣಕೈಗೆ ಮೊಣಕೈ ಬಡಿದಾಗಿನಿಂದ ಇವತ್ತಿನವರೆಗೆ ಅವಳು ಯಾರ ಜೊತೆ ಕೂತರೂ ನಿಂತರೂ ಎಲ್ಲೋ ಒಂದು ಕಡೆ ತಾಗಿ ಕ್ಷಮೆ ಕೇಳಿದ್ದಳು. ಇಲ್ಲಿ ಜಾಗ ಸಲೀಸಾಗಿತ್ತು, ಅಗಲವಾಗಿತ್ತು, ಎಲ್ಲ ಬಲಗೈಯವರಿಗೂ ಇದು ದಿನವೂ ಹೀಗೇ ಇರುತ್ತದೆಯೇ ಎಂದು ಅವಳಿಗೆ ಹೊಟ್ಟೆಕಿಚ್ಚಾಗುವಷ್ಟು ಅಗಲವಾಗಿತ್ತು. ಅವಳು ಅರ್ಧ ಹೆಜ್ಜೆ ಹೊರಗೆ ಸರಿದಳು. ಉಸಿರು ನಿಂತಿತು, ಹಿಂದಿನ ಹಿಮ್ಮಡಿ ನೆಲ ಬಿಟ್ಟಿತು. ಅಮೇಯನ ಮುಗುಳ್ನಗೆ ಹೋಯಿತು. ಅವನು ಗದ್ದ ಒಳಗೆಳೆದುಕೊಂಡು ಕೈಗಳನ್ನು ಸರಿಯಾಗಿ ಎತ್ತಿದ.

"ಸಾಂಭಾಳೂನ್," ಎಂದ ಬಸವಲಿಂಗ ಹಿಂದಿನಿಂದ, ಮೆಲ್ಲಗೆ. ಮರಾಠಿಯಲ್ಲಿ ಹೇಳಿದ್ದರಿಂದ, ಜೋಪಾನವಾಗಿರಬೇಕಾದವನು ಅಮೇಯ ಎಂದು ಮಾಧುರಿಗೆ ಗೊತ್ತಾಯಿತು.